ಅರಿಸಿನದ ಕಲೆಯೂ ಬೀಗ ಹಾಕಿದ ಕಪಾಟೂ

ಬಿಳಿಯ ಬಟ್ಟೆಯ ಮೇಲೆ ಸಾರು ಚೆಲ್ಲಿ ಆದ ಹಳದಿಯ ಕಲೆಯು ಸಾಬೂನು ತಗುಲಿದೊಡನೆ ಕೆಂಪಗಾಗುವುದನ್ನು ಕಾಣದವರು ನಮ್ಮ ವಾಚಕರಲ್ಲಿ ಒಬ್ಬರೂ ಇರಲಾರರು. ಅದೇ ಬಟ್ಟೆಯನ್ನು ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಕೆಂಪು ಅಡಗಿ ಹಳದಿಯು ಮತ್ತೆ ತಲೆದೋರುವುದು; ಬಿಸಿಲಿಗೆ ಹರವಿದರೆ ಆ ಹಳದಿಯೂ ಕ್ರಮೇಣ ಮಾಸಿಹೋಗುವುದು. ಬಟ್ಟೆ ಒಗೆಯುವವರಿಗೆ ಇದು ದಿನನಿತ್ಯದ ಅನುಭವ. ಕಾರ್ಕಳಕ್ಕೂ ಪಡುಬಿದ್ರಿಗೂ ನಡುವಣ ಹೆದ್ದಾರಿಯಲ್ಲಿರುವ ಬೆಳ್ಮಣ್ಣಿನಂತಹ ಊರಿನ ಮಕ್ಕಳಿಗಂತೂ ಇನ್ನೊಂದು ಕಡೆಯಿಂದಲೂ ಇದರ ಪರಿಚಯವುಂಟು. ಅರಿಸಿನದ ನೀರಿಗೆ ಸುಣ್ಣವನ್ನು ಬೆರಸಿದರೆ ಅದು ರಕ್ತವರ್ಣವನ್ನು ತಾಳುವುದು. ತುಳುನಾಡಿನಲ್ಲಿ ಭೂತಾರಾಧನೆಯ ವೇಳೆಗೆ ಸಿದ್ಧಪಡಿಸುವ ಕುರ್ದಿ ನೀರು ಇದೇ. ವಧೂವರರಿಗೆ ಎತ್ತುವ ಆರತಿಯ ಕೆಂಪು ನೀರೂ ಇದೇ.

ಇದರ ಕಾರಣವನ್ನು ಹೇಳುವುದು ಕಷ್ಟವಲ್ಲ. ಅರಿಸಿನದ ಬಣ್ಣವು ಮುಖ್ಯವಾಗಿ ಕರ್ಕ್ಯುಮಿನ್ ಎಂಬ ವಸ್ತುವಿನದು. ಅದರ ಅಣುವಿನ ಎರಡು ತುದಿಗಳಲ್ಲಿಯೂ ಒಂದೊಂದು ಉಂಗುರವಿದ್ದು, ಅವೆರಡನ್ನೂ ಇಂಗಾಲದ ಪರಮಾಣುಗಳ ಸರಪಳಿಯೊಂದು ಜೋಡಿಸಿರುವುದು. ಬೆಳಕು ಬಿದ್ದಾಗ ಈ ಅಣುವು ನೇರಳೆ ಮತ್ತು ನೀಲಿಯ ಭಾಗವನ್ನು ಹೀರಿಕೊಂಡು ಉಳಿದುದನ್ನು ಹಿಂದಿರುಗಿಸುವುದರಿಂದ ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುವುದು. ಸುಣ್ಣ, ಸಾಬೂನು, ಸೋಡಾ ಮುಂತಾದ ಪ್ರತ್ಯಾಮ್ಲೀಯ ವಸ್ತುಗಳು ಸೇರಿದಾಗ ಅಣುವು ತನ್ನಲ್ಲಿರುವ ಜಲಜನಕದ ಅಯಾನನ್ನು ಬಿಟ್ಟುಕೊಡುತ್ತದೆ. ಆಗ ಅದರೊಳಗಣ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ, ಹೀರಲ್ಪಡುವ ಬೆಳಕು ಹಸುರಿನ ಕಡೆಗೆ ಸರಿಯುತ್ತದೆ. ಉಳಿದುಬರುವ ಬೆಳಕು ಕೆಂಪು. ನಿಂಬೆಯ ರಸವನ್ನು ಹಿಂಡಿದರೆ ಕಳೆದುಹೋದ ಅಯಾನು ಮರಳಿ ಬಂದು, ಕುರ್ದಿಯ ನೀರು ಪುನಃ ಅರಿಸಿನದ ನೀರೇ ಆಗುವುದು. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ಹೀಗೆ ಬಣ್ಣದಿಂದ ತಿಳಿಸುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಸೂಚಕವೆಂದು ಹೆಸರು.

ಇಷ್ಟು ಸಮೀಪದ ಸಂಗತಿಯು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ದೂರದ್ದಾಗಿಬಿಡುವುದು ವಿಚಿತ್ರ. ತರಗತಿಯಲ್ಲಿ ಬಾಲಕನು ಲಿಟ್ಮಸ್ ಎಂಬ ಹೆಸರನ್ನು ಕಂಠಪಾಠ ಮಾಡುತ್ತಾನೆ. ಫಿನಾಲ್‌ಥ್ಯಾಲಿನ್ ಎಂಬುದರ ಅಕ್ಷರಗಳನ್ನು ತಪ್ಪಿಲ್ಲದೆ ಬರೆಯಲು ಹೆಣಗುತ್ತಾನೆ. ಎರಡನ್ನೂ ಕಣ್ಣಿನಿಂದ ನೋಡದೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಆರತಿಯ ತಟ್ಟೆಯಲ್ಲಿ ಕಂಡ ಕೆಂಪಿಗೂ ಪುಸ್ತಕದ ಸೂಚಕಕ್ಕೂ ಸಂಬಂಧವಿದೆಯೆಂದು ಅವನಿಗೆ ಹೇಳುವವರಿರುವುದಿಲ್ಲ.

ನಮ್ಮ ಸ್ವಂತ ಅನುಭವವನ್ನು ಇಲ್ಲಿ ಹೇಳಬಹುದು. ನಾವು ಓದಿದ ಹಳ್ಳಿಯ ಶಾಲೆಯಲ್ಲಿ ರಸಾಯನದ ಪ್ರಯೋಗಶಾಲೆಯೆಂದರೆ ಗಾಜಿನ ಬಾಗಿಲುಳ್ಳ ಒಂದು ಕಪಾಟು. ಅದಕ್ಕೆ ಸದಾ ಬೀಗ. ಒಳಗೆ ಹನ್ನೆರಡು ಪ್ರನಾಳಗಳು, ಒಂದು ಸ್ಪಿರಿಟ್ ದೀಪ, ಚೀಟಿ ಅಳಿಸಿಹೋದ ಕೆಲವು ಸೀಸೆಗಳು; ಅವುಗಳ ಪೈಕಿ ಒಂದರಲ್ಲಿ ಮೈಲುತುತ್ತದ ನೀಲಿ ಹರಳುಗಳಿದ್ದವು. ಮೂರು ವರ್ಷಗಳ ಕಾಲ ಆ ನೀಲಿಯನ್ನು ಗಾಜಿನ ಹೊರಗಿನಿಂದ ನೋಡಿದೆವು. ಪ್ರನಾಳ ಒಡೆದರೆ ಲೆಕ್ಕ ಒಪ್ಪಿಸಬೇಕಾದವರು ಮೇಷ್ಟರು. ಆದುದರಿಂದ ಬೀಗದ ಕೈ ಅವರ ಜೇಬನ್ನು ಬಿಟ್ಟು ಹೊರಗೆ ಬರಲಿಲ್ಲ. ಅವರನ್ನು ದೂರುವುದೂ ನ್ಯಾಯವಲ್ಲ.

ಈ ಬೀಗವನ್ನು ತೆರೆಯುವ ಕೆಲಸವನ್ನು ಸರ್ಕಾರವೇ ಮಾಡಬೇಕೆಂದು ಕೈಕಟ್ಟಿ ಕೂಡದೆ, ದಾನದ ಹಣದಿಂದಲೂ ತಮ್ಮ ಬಿಡುವಿನ ವೇಳೆಯಿಂದಲೂ ಅದನ್ನು ಕೈಗೊಂಡ ಸಂಘಸಂಸ್ಥೆಗಳ ವಿಷಯವನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ. ಭೌತಶಾಸ್ತ್ರವನ್ನು ಒಂದು ಸನ್ನೆಗೋಲು, ಒಂದು ಮಸೂರದಿಂದ ಹೇಗೋ ಕಲಿಸಬಹುದು; ಸಸ್ಯಶಾಸ್ತ್ರಕ್ಕೆ ಬೇಲಿಯೇ ಸಾಕು. ರಸಾಯನಕ್ಕೆ ಮಾತ್ರ ಪಾತ್ರೆ ಬೇಕು, ಉರಿ ಬೇಕು, ವಸ್ತು ಖರ್ಚಾಗಬೇಕು. ಹಾಗಾಗಿ ಹಣವಿಲ್ಲದ ಶಾಲೆಯಲ್ಲಿ ಮೊದಲು ಸಾಯುವ ವಿಜ್ಞಾನ ಇದೇ.

ಲಂಡನ್ ನಗರದ ಒಂದು ಉದಾಹರಣೆಯಿಂದ ಪ್ರಾರಂಭಿಸೋಣ. ಅಲ್ಲಿ ಉಪ್ಪಿನ ವ್ಯಾಪಾರಿಗಳ ಒಂದು ಪ್ರಾಚೀನ ಸಂಘವಿದೆ. ಸಾಲ್ಟರ್ಸ್ ಕಂಪೆನಿಯೆಂದು ಅದರ ಹೆಸರು. 1394ರಲ್ಲಿ ಎರಡನೆಯ ರಿಚರ್ಡ್ ದೊರೆಯಿಂದ ಅಪ್ಪಣೆಯನ್ನು ಪಡೆದ ಈ ಸಂಘದವರು ಮೀನು ಮಾಂಸಗಳಿಗೆ ಹಾಕುವ ಉಪ್ಪನ್ನು ಮಾರುತ್ತಿದ್ದರು. ಕಾಲ ಕಳೆದಂತೆ ಉಪ್ಪಿನ ವ್ಯಾಪಾರ ಹೋಯಿತು, ಸಂಘದ ಆಸ್ತಿ ಉಳಿಯಿತು. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ತರುಣರಲ್ಲಿ ರಸಾಯನದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟಿದ್ದವರಿಗೆ ನೆರವಾಗಲೆಂದು 1918ರಲ್ಲಿ ಅವರು ಸಾಲ್ಟರ್ಸ್ ಇನ್‌ಸ್ಟಿಟ್ಯೂಟ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ಉಪ್ಪು ತಿಂದವರು ಉಪ್ಪಿನ ಋಣವನ್ನು ತೀರಿಸಿದರೆಂದೇ ಹೇಳಬೇಕು. ಅಡಿಗೆ ಉಪ್ಪೆಂಬುದು ಸೋಡಿಯಂ ಕ್ಲೋರೈಡ್ ಎಂಬ ರಾಸಾಯನಿಕ ಸಂಯುಕ್ತವಷ್ಟೆ.

ಆ ಸಂಸ್ಥೆಯು ಮುಂದೆ ಮಾಡಿದ ಎರಡು ಕಾರ್ಯಗಳು ನಮಗೆ ಇಲ್ಲಿ ಮುಖ್ಯವಾದುವು. 1980ರ ದಶಕದಲ್ಲಿ ಯಾರ್ಕ್ ವಿಶ್ವವಿದ್ಯಾನಿಲಯದ ಅಧ್ಯಾಪಕರು ಅದರ ಬೆಂಬಲದಿಂದ ಹೊಸದೊಂದು ಪಾಠಕ್ರಮವನ್ನು ರಚಿಸಿದರು. ಪರಮಾಣುವಿನಿಂದ ಆರಂಭಿಸಿ ಕೊನೆಗೆ ಸಾಬೂನಿಗೆ ಬರುವ ಹಳೆಯ ದಾರಿಯನ್ನು ಬಿಟ್ಟು, ಉಡುವ ಬಟ್ಟೆ, ತಿನ್ನುವ ಆಹಾರ, ಕುಡಿಯುವ ನೀರುಗಳಿಂದ ತೊಡಗಿ, ಅಗತ್ಯ ಬಿದ್ದಾಗ ಪರಮಾಣುವನ್ನು ಕರೆತರುವುದು ಅದರ ಕ್ರಮ. ಎರಡನೆಯದು, ಶಾಲಾಮಕ್ಕಳಿಗಾಗಿ ವಿಶ್ವವಿದ್ಯಾನಿಲಯಗಳಲ್ಲಿ ನಡೆಸಿದ ರಸಾಯನೋತ್ಸವಗಳು. ಹನ್ನೊಂದರಿಂದ ಹದಿಮೂರು ವಯಸ್ಸಿನ ನಾಲ್ಕು ನಾಲ್ಕು ಮಕ್ಕಳ ತಂಡಗಳು ಒಂದು ದಿನವೆಲ್ಲ ನಿಜವಾದ ಪ್ರಯೋಗಶಾಲೆಯಲ್ಲಿ ನಿಂತು ಕೆಲಸ ಮಾಡುತ್ತಿದ್ದವು. ಅವರ ಮುಂದಿಡುತ್ತಿದ್ದುದು ಹಲವು ವೇಳೆ ಒಂದು ಕಲ್ಪಿತ ಅಪರಾಧದ ಕಥೆ: ಈ ಪುಡಿ ಯಾವುದು, ಈ ಮಸಿ ಯಾರ ಲೇಖನಿಯದು ಎಂಬುದನ್ನು ಪರೀಕ್ಷಿಸಿ ಅಪರಾಧಿಯನ್ನು ಹಿಡಿಯಬೇಕು. ಪತ್ತೇದಾರಿ ಕಾದಂಬರಿಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು.

ಅದೇ 1918ನೆಯ ಇಸವಿಯಲ್ಲಿ ನಮ್ಮ ನಾಡಿನಲ್ಲಿಯೂ ಒಂದು ಕಾರ್ಯ ನಡೆಯಿತು. ಬೆಂಗಳೂರಿನಲ್ಲಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯೆಂಬ ಮಂಡಲಿಯು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಅದರ ಬೆನ್ನೆಲುಬಾಗಿದ್ದರು. ಆಮ್ಲಜನಕಕ್ಕೂ ಜಲಜನಕಕ್ಕೂ ಕನ್ನಡದಲ್ಲಿ ಮಾತನಾಡುವುದನ್ನು ಕಲಿಸಿದವರಲ್ಲಿ ಅವರು ಮೊದಲಿಗರು. ಪತ್ರಿಕೆಯು ಎರಡು ವರ್ಷ ಮಾತ್ರ ಬದುಕಿತು. ಉಪ್ಪಿನ ಸಂಘಕ್ಕಿದ್ದಂತೆ ಅದಕ್ಕೆ ಐದು ಶತಮಾನಗಳ ಗಂಟು ಇರಲಿಲ್ಲ. ಕರಾವಳಿಯ ಶಿವರಾಮ ಕಾರಂತರು ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಒಬ್ಬರೇ ಕುಳಿತು ಬರೆದರು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ತರಗತಿಯ ಹೊರಗಿನವರಿಗಾಗಿ ತಮ್ಮ ಲೇಖನಿಯನ್ನು ಸವೆಸಿದರು. ಇವೆಲ್ಲವೂ ಅಕ್ಷರದ ಮೂಲಕ ಆದ ಸೇವೆ, ಅದರ ಬೆಲೆ ಕಡಿಮೆಯದಲ್ಲ. ಆದರೆ ಪ್ರನಾಳವು ಮಗುವಿನ ಕೈಗೆ ಬರುವುದು ಇನ್ನೂ ಉಳಿದಿತ್ತು.

ಒಂದು ಉಪನ್ಯಾಸದಿಂದ, ಒಂದು ಪ್ರಯೋಗವನ್ನು ಕಂಡುದರಿಂದ, ಒಬ್ಬನ ಬಾಳು ತಿರುಗುವುದುಂಟೆ ಎಂದು ಸಂಶಯಪಡುವವರಿಗೆ ಮೈಕೇಲ್ ಫ್ಯಾರಡೆಯ ಚರಿತ್ರೆಯೇ ಉತ್ತರ. ಅವನು ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಚೀಟಿಗಳಿಂದ ಅವನಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಕೇಳಿದುದೆಲ್ಲವನ್ನೂ ಬರೆದು, ಚಿತ್ರ ಬಿಡಿಸಿ, ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚಿಯಲ್ಲಿ ಅದೇ ಸಂಸ್ಥೆಯಲ್ಲಿ ಸಹಾಯಕನಾಗಿ ಸೇರಿದನು. ಬೆಂಜೀನನ್ನು ಕಂಡುಹಿಡಿದವನೂ ವಿದ್ಯುದ್ವಿಶ್ಲೇಷಣದ ನಿಯಮಗಳನ್ನು ಕೊಟ್ಟವನೂ ಇವನೇ. ತನಗೆ ದೊರೆತ ಉಪಕಾರವನ್ನು ಅವನು ಮರೆಯಲಿಲ್ಲ. ಅಲ್ಲಿ 1825ರಲ್ಲಿ ಆರಂಭವಾದ ಮಕ್ಕಳ ಕ್ರಿಸ್ಮಸ್ ಉಪನ್ಯಾಸಮಾಲೆಯನ್ನು ಅವನೇ ಹತ್ತೊಂಬತ್ತು ಸಲ ನಡೆಸಿಕೊಟ್ಟನು. ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ರಸಾಯನಶಾಸ್ತ್ರದ ಬಹುಭಾಗವನ್ನು ಹೇಳಿ ಮುಗಿಸಿದ ಅವನ ಆರು ಉಪನ್ಯಾಸಗಳು 1861ರಲ್ಲಿ ಪುಸ್ತಕವಾದುವು.

ನಮ್ಮ ನಾಡಿನಲ್ಲಿ ಇಂತಹ ಪರಂಪರೆಯ ಮಾತು ಬಂದಾಗ ಸಿ. ಎನ್. ಆರ್. ರಾಯರ ಹೆಸರು ಸಹಜವಾಗಿಯೇ ಬಾಯಿಗೆ ಬರುವುದು. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಪ್ರಾಥಮಿಕ ಶಾಲೆಗೆ ಹೋದವರಲ್ಲ. ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ 1947ರಲ್ಲಿ ಪ್ರೌಢಶಾಲೆಯ ಪರೀಕ್ಷೆಯನ್ನು ಮುಗಿಸಿದರು. ರಸಾಯನದ ಮೇಲಣ ಒಲವು ಬೇರು ಬಿಟ್ಟುದು ಆ ಶಾಲೆಯಲ್ಲಿಯೇ. ಕನ್ನಡದಲ್ಲಿ ಕಲಿತರೆ ವಿಜ್ಞಾನದಲ್ಲಿ ಮುಂದೆ ಬರಲಾಗದೆಂದು ಹೆದರುವ ತಂದೆತಾಯಿಗಳು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಘನಸ್ಥಿತಿಯ ರಸಾಯನದಲ್ಲಿ ಅವರು ಮಾಡಿದ ಸಂಶೋಧನೆಗಳಿಗೆ ಇಲ್ಲಿ ಸ್ಥಳವಿಲ್ಲ. 2014ರಲ್ಲಿ ಅವರಿಗೆ ಭಾರತರತ್ನ ಪದವಿ ಸಂದಿತೆಂದರೆ ಸಾಕು.

ನಮಗೆ ಬೇಕಾದುದು ಅವರ ಇನ್ನೊಂದು ಮುಖ. 1989ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷರು ಅವರೇ. ಸಂಶೋಧನೆಗೆಂದು ಕಟ್ಟಿದ ಆ ಸ್ಥಳದಲ್ಲಿ ಶಾಲಾಮಕ್ಕಳಿಗಾಗಿಯೇ ಒಂದು ವಿಜ್ಞಾನ ಮಂದಿರವಿದೆ. ಅಧ್ಯಾಪಿಕೆಯಾಗಿದ್ದ ಅವರ ಪತ್ನಿ ಇಂದುಮತಿ ರಾವ್ ಅವರು ಅಲ್ಲಿನ ಶಿಕ್ಷಣ ವಿಭಾಗವನ್ನು ಗೌರವಾರ್ಥವಾಗಿ ನಡೆಸಿಕೊಂಡು ಬಂದವರು. ಪ್ರೌಢಶಾಲೆಯ ಮಕ್ಕಳು ರಸಾಯನವನ್ನು ಅರ್ಥಮಾಡಿಕೊಳ್ಳಲು ಅನುಕೂಲವಾದ ಪುಸ್ತಕಗಳೂ ಚಿತ್ರಪಾಠಗಳೂ ಅಲ್ಲಿಂದ ಹೊರಬಂದಿವೆ. ಪ್ರಶಸ್ತಿಗಳಿಂದ ಬಂದ ಹಣವನ್ನು ಮೂಲಧನವಾಗಿಟ್ಟು ಕಟ್ಟಿದ ಸಿ. ಎನ್. ಆರ್. ರಾವ್ ಶಿಕ್ಷಣ ಪ್ರತಿಷ್ಠಾನವು ಉತ್ತಮ ವಿಜ್ಞಾನ ಉಪಾಧ್ಯಾಯರನ್ನು ಗುರುತಿಸಿ ಗೌರವಿಸುವುದು. ಬಹುಮಾನವು ಮಕ್ಕಳಿಗೆ ಸಲ್ಲುವುದು ಸಾಮಾನ್ಯ; ಉಪಾಧ್ಯಾಯರಿಗೆ ಸಲ್ಲುವುದು ಅಪೂರ್ವ. ಬೀಗದ ಕೈ ಯಾರ ಜೇಬಿನಲ್ಲಿದೆಯೆಂಬುದನ್ನು ಈ ಪ್ರತಿಷ್ಠಾನದವರು ಚೆನ್ನಾಗಿ ಬಲ್ಲರೆಂದು ತೋರುತ್ತದೆ.

ಕಾಲೇಜು ವಿದ್ಯಾರ್ಥಿಗಳಾದ ವಾಚಕರಿಗೆ ಇನ್ನೊಂದು ಮಾತು. ಪದವಿ ತರಗತಿಯ ಮೊದಲನೆಯ ವರ್ಷದಲ್ಲಿರುವ ಕೆಲವರನ್ನು ಆರಿಸಿ, ಮೂರು ಬೇಸಗೆಗಳ ಕಾಲ ಸಂಶೋಧಕರ ಪಕ್ಕದಲ್ಲಿ ನಿಲ್ಲಿಸಿ ರಸಾಯನವನ್ನು ಕಲಿಸುವ ಒಂದು ಯೋಜನೆಯನ್ನು ಜಕ್ಕೂರಿನ ಕೇಂದ್ರವು ನಡೆಸಿಕೊಂಡು ಬಂದಿದೆ. ಅಲ್ಲಿಗೆ ಹೋಗಲು ರಾಜಧಾನಿಯ ಕಾಲೇಜಿನವರೇ ಆಗಬೇಕೆಂಬ ನಿಯಮವೇನೂ ಇಲ್ಲ.

ಮಕ್ಕಳು ಜಕ್ಕೂರಿಗೆ ಹೋಗಬಹುದು, ಹೋಗಲಾಗದವರ ಪಾಡೇನು? ಇದಕ್ಕೆ ಉತ್ತರವನ್ನು ಹುಡುಕಿದುದು 1999ರಲ್ಲಿ ರಾಮ್‌ಜಿ ರಾಘವನ್ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಅಗಸ್ತ್ಯ ಅಂತಾರಾಷ್ಟ್ರೀಯ ಪ್ರತಿಷ್ಠಾನ. ರಾಘವನ್ ಅವರು ಮೊದಲು ಬ್ಯಾಂಕಿನ ಉದ್ಯೋಗದಲ್ಲಿದ್ದವರು. ಕರ್ನಾಟಕದ ಗಡಿಗೆ ತಾಗಿದಂತಿರುವ ಆಂಧ್ರದ ಕುಪ್ಪಂ ಬಳಿ, ಬರಡಾಗಿದ್ದ 172 ಎಕರೆ ನೆಲದಲ್ಲಿ ಅವರ ವಿಜ್ಞಾನಧಾಮವಿದೆ. ಧಾಮಕ್ಕಿಂತಲೂ ಹೆಚ್ಚಿನ ಹೆಸರನ್ನು ಗಳಿಸಿದುದು ಅವರ ಸಂಚಾರಿ ಪ್ರಯೋಗಶಾಲೆ. ಒಂದು ವ್ಯಾನು, ಅದರ ತುಂಬ ಮಡಿಚುವ ಮೇಜುಗಳು, ಅಗ್ಗದ ವಸ್ತುಗಳಿಂದ ಮಾಡಿದ ಉಪಕರಣಗಳು, ಊರಿನ ಭಾಷೆಯನ್ನಾಡುವ ಒಬ್ಬಿಬ್ಬರು ಶಿಕ್ಷಕರು. ವ್ಯಾನು ಹೋಗಲಾರದ ದಾರಿಯಲ್ಲಿ ಮೋಟಾರು ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದೂ ಉಂಟು. ಕಲಿತ ಮಕ್ಕಳೇ ಮೇಜಿನ ಹಿಂದೆ ನಿಂತು ಇತರ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಅವರು ಬೆಳೆಸಿದ್ದಾರೆ. ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇದು. ಎಂಟನೆಯ ತರಗತಿಯ ಹುಡುಗಿಗೆ ಐದನೆಯ ತರಗತಿಯ ತಮ್ಮನು ಕೇಳುವ ಪ್ರಶ್ನೆಯು ಪ್ರಾಧ್ಯಾಪಕರಿಗೂ ಬೆವರಿಳಿಸತಕ್ಕದ್ದು. ಅವಳು ಉತ್ತರ ಹುಡುಕಲೇಬೇಕಾಗುತ್ತದೆ.

ಇಂತಹ ವ್ಯಾನೊಂದು ಬೆಳ್ಮಣ್ಣಿನಲ್ಲಿ ಬಂದು ನಿಂತಿತೆಂದು ಭಾವಿಸಿಕೊಳ್ಳೋಣ. ಅದು ತನ್ನ ಪೆಟ್ಟಿಗೆಯನ್ನು ತೆರೆಯುವ ಮೊದಲೇ ಊರಿನಲ್ಲಿ ಏನೇನಿದೆಯೆಂದು ನೋಡಿದರೆ, ಅರ್ಧ ಪ್ರಯೋಗಶಾಲೆ ಅಲ್ಲಿಯೇ ಸಿದ್ಧವಾಗಿರುವುದು ಕಾಣುವುದು.

ಅರಿಸಿನದ ವಿಷಯವನ್ನು ಆಗಲೇ ಹೇಳಿದೆವು. ಅದಕ್ಕೆ ಬೆರಸಿದ ಸುಣ್ಣವೆಲ್ಲಿಂದ ಬಂತು? ಘಟ್ಟದ ಮೇಲಿನವರು ಸುಣ್ಣಕಲ್ಲನ್ನು ಸುಡುವರು. ಕರಾವಳಿಯಲ್ಲಿ ಬಹುಕಾಲದಿಂದ ಸುಟ್ಟುದು ಚಿಪ್ಪನ್ನು. ಮೂಲ್ಕಿಯ ಶಾಂಭವಿಯಂತಹ ನದಿಗಳು ಕಡಲನ್ನು ಸೇರುವ ಕಡೆ ದೊರೆಯುವ ಮರುವಾಯಿಯ ಮಾಂಸವು ಅಡಿಗೆಮನೆಗೆ, ಚಿಪ್ಪು ಸುಣ್ಣದ ಗೂಡಿಗೆ. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಒಡೆದು, ಇಂಗಾಲದ ಡಯಾಕ್ಸೈಡು ಗಾಳಿಗೆ ಹಾರಿಹೋಗಿ ಸುಟ್ಟ ಸುಣ್ಣವು ಉಳಿಯುವುದು. ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟಾದರೆ 100 ಗ್ರಾಮಿಗೆ 56 ಗ್ರಾಮು ಸುಣ್ಣ. ಮಿಕ್ಕ 44 ಗ್ರಾಮು ಕಣ್ಣಿಗೆ ಕಾಣದೆ ಹೋಯಿತು. ಪರಮಾಣು ತೂಕಗಳ ಕೋಷ್ಟಕವನ್ನು ಗೋಡೆಗೆ ತೂಗಹಾಕಿ ಪ್ರಯೋಜನವಿಲ್ಲದೆ ಬೇಸತ್ತ ಉಪಾಧ್ಯಾಯರು, ಸುಡುವ ಮೊದಲು ಚಿಪ್ಪನ್ನೂ ಸುಟ್ಟ ಮೇಲೆ ಸುಣ್ಣವನ್ನೂ ತಕ್ಕಡಿಯಲ್ಲಿಟ್ಟು ತೋರಿಸಿದರೆ, ಆ ಕೋಷ್ಟಕಕ್ಕೆ ಜೀವ ಬರುವುದು.

ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಬುಸುಗುಟ್ಟಿ ಕುದಿಯುವುದು. ಇದನ್ನು ದೂರದಿಂದ ನೋಡಬೇಕು. ಕಣ್ಣಿಗೆ ಸಿಡಿದ ಸುಣ್ಣವು ದೃಷ್ಟಿಯನ್ನು ತೆಗೆದ ಸಂದರ್ಭಗಳುಂಟು. ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ನಿಲ್ಲಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದರೆ ಸುಣ್ಣದ ತಿಳಿನೀರು ಸಿದ್ಧ. ಅದರೊಳಗೆ ಪಪಾಯಿ ಎಲೆಯ ಟೊಳ್ಳು ದಂಟಿನಿಂದ ಮೆಲ್ಲನೆ ಊದಬೇಕು, ಹೀರಬಾರದು. ತಿಳಿನೀರು ಹಾಲಿನಂತಾಗುವುದು: ಉಸಿರಿನ ಇಂಗಾಲದ ಡಯಾಕ್ಸೈಡು ಸುಣ್ಣದೊಡನೆ ಕೂಡಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟಾಯಿತು, ಎಂದರೆ ಚಿಪ್ಪು ಚಿಪ್ಪಾಗಿಯೇ ಮರಳಿತು. ಸಾಮಾನ್ಯವಾಗಿ ಪಾಠವು ಇಲ್ಲಿಗೆ ನಿಲ್ಲುವುದು. ಇನ್ನೂ ಬಿಡದೆ ಊದುತ್ತ ಹೋದರೆ ಹಾಲು ಮಾಯವಾಗಿ ನೀರು ತಿಳಿಯಾಗುವುದನ್ನು ಕಂಡವರು ಕಡಮೆ. ಹೆಚ್ಚಿನ ಡಯಾಕ್ಸೈಡಿನಿಂದ ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆದುದೇ ಇದಕ್ಕೆ ಕಾರಣ. ಕುದಿಸಿದರೆ ಹಾಲು ಮತ್ತೆ ಮೂಡುವುದು. ಗಡಸು ನೀರನ್ನು ಕಾಯಿಸುವ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವುದೂ, ಸುಣ್ಣಕಲ್ಲಿನ ಗುಹೆಗಳಲ್ಲಿ ಕಲ್ಲಿನ ಬಿಳಲುಗಳು ಬೆಳೆಯುವುದೂ ಇದೇ ಕ್ರಿಯೆಯ ಎರಡು ರೂಪಗಳು.

ಊರಿನ ಗೇರುಬೀಜದ ಸಿಪ್ಪೆಯಲ್ಲಿ ತುಟಿ ಸುಡುವ ಎಣ್ಣೆಯಿದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲವನ್ನು ಹುರಿದಾಗ ಕಾರ್ಡನಾಲ್ ಎಂಬ ವಸ್ತುವಾಗುವುದು, ಅದರಿಂದ ಮಾಡಿದ ರಾಳವು ವಾಹನಗಳ ಬ್ರೇಕಿನಲ್ಲಿ ಬಳಕೆಯಾಗುವುದು. ಮಕ್ಕಳ ಕೈಗೆ ಕೊಡತಕ್ಕ ವಸ್ತುವಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ. ಊರಿನ ಕೆಂಪು ಮುರಕಲ್ಲಿನ ಮಾತು ಬೇರೆ. ಆ ಕೆಂಪೆಲ್ಲ ಕಬ್ಬಿಣದ ಆಕ್ಸೈಡುಗಳದು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನಲ್ಲಿ ಕಂಡ ಇಂತಹ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು; ಲ್ಯಾಟಿನ್ನಿನಲ್ಲಿ ಅದಕ್ಕೆ ಇಟ್ಟಿಗೆಯ ಕಲ್ಲೆಂದು ಅರ್ಥ. ನೆಲದೊಳಗೆ ಗಾಳಿ ಸೋಕದ ಕಡೆ ಕಬ್ಬಿಣವು ಫೆರಸ್ ರೂಪದಲ್ಲಿ ನೀರಿನಲ್ಲಿ ಕರಗಿರುವುದು. ಕೊಳವೆ ಬಾವಿಯಿಂದ ಎತ್ತಿದಾಗ ಸ್ಫಟಿಕದಂತಿದ್ದ ನೀರು ಕೊಡದಲ್ಲಿ ನಿಂತು ಗಾಳಿಯ ಆಮ್ಲಜನಕವನ್ನು ಕುಡಿದ ಮೇಲೆ ಕಂದು ಬಣ್ಣಕ್ಕೆ ತಿರುಗುವುದು. ಬಾವಿಗೆ ಯಾರೋ ಏನೋ ಬೆರಸಿದರೆಂಬ ಗುಮಾನಿ ಹುಟ್ಟುವುದಕ್ಕೆ ಇಷ್ಟು ಸಾಕು.

ಈ ಗುಮಾನಿಯ ವಿಷಯವನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಇಂದು ನಮ್ಮ ಕರಾವಳಿಯಲ್ಲಿ ಕೆಮಿಕಲ್ ಎಂದರೆ ವಿಷವೆಂದೇ ಅರ್ಥ. ಕೆಮಿಕಲ್ ಇಲ್ಲದ ಬೆಲ್ಲ, ಕೆಮಿಕಲ್ ಇಲ್ಲದ ಸಾಬೂನು ಎಂಬ ಫಲಕಗಳನ್ನು ದಾರಿಯುದ್ದಕ್ಕೂ ಕಾಣುತ್ತೇವೆ. ನೀರೂ ರಾಸಾಯನಿಕ ವಸ್ತುವೇ, ಬೆಲ್ಲದ ಸಿಹಿಯೂ ರಾಸಾಯನಿಕ ವಸ್ತುವೇ ಎಂದು ವಾದಿಸಿ ಗೆಲ್ಲುವುದು ಸುಲಭ. ಆದರೆ ಆ ಭಯಕ್ಕೆ ಆಧಾರವಿಲ್ಲವೆಂದು ಯಾರೂ ಹೇಳಲಾರರು. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಒಂದೊಂದು ಅಣುವಿನಲ್ಲಿಯೂ ಆರಾರು ಕ್ಲೋರಿನ್ ಪರಮಾಣುಗಳುಳ್ಳ ಈ ವಸ್ತುವು ಬೇಗನೆ ನಾಶವಾಗತಕ್ಕದ್ದಲ್ಲ. ತೋಟಗಳ ನಡುವೆ ಬಾಳುವ, ಹೆಚ್ಚಾಗಿ ಕನ್ನಡ ತುಳುಗಳನ್ನಾಡುವ ಎಣ್ಮಕಜೆಯಂತಹ ಗ್ರಾಮಗಳಲ್ಲಿ ಮಕ್ಕಳು ಹುಟ್ಟಿನಿಂದಲೇ ಅಂಗವಿಕಲರಾಗುತ್ತಿರುವುದನ್ನು ಊರಿನ ವೈದ್ಯರೂ ಪತ್ರಿಕಾ ಲೇಖಕರೂ ಗಮನಕ್ಕೆ ತಂದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿಂದಲೂ ಇಂತಹುದೇ ದೂರು ಬಂತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಎಣ್ಮಕಜೆಯ ಪಡ್ರೆಯಿಂದ ನೀರು, ಮಣ್ಣು, ರಕ್ತಗಳ ಮಾದರಿಗಳನ್ನು ತರಿಸಿ ಪರೀಕ್ಷಿಸಿ, ಅವುಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ವರದಿ ಮಾಡಿತು. ಹಾಗಿಲ್ಲವೆಂದು ವಾದಿಸುವ ಬೇರೆ ವರದಿಗಳೂ ಬಂದುವು. ಮಾದರಿಯನ್ನು ಹೇಗೆ ತೆಗೆದರು, ಯಾವ ಯಂತ್ರದಲ್ಲಿ ಅಳೆದರು, ಶೇಷದ ಪ್ರಮಾಣವೆಷ್ಟು ಎಂಬ ವಾದವೆಲ್ಲ ವರ್ಷಗಟ್ಟಲೆ ನಡೆಯಿತು. ನಡೆದುದು ರಸಾಯನದ ಭಾಷೆಯಲ್ಲಿ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. ಅಷ್ಟು ಕಾಲವೂ ತಮ್ಮ ಬಾವಿಯಲ್ಲಿ ಏನಿದೆಯೆಂದು ತಿಳಿಯಲು ಆ ಊರಿನವರು ಬಹುದೂರದ ಪರಿಣತರ ಮುಖವನ್ನು ನೋಡಬೇಕಾಯಿತು. ವಿಷವನ್ನು ಮಾಡಿದುದೂ ರಸಾಯನಶಾಸ್ತ್ರ, ಹಿಡಿದುಕೊಟ್ಟುದೂ ರಸಾಯನಶಾಸ್ತ್ರ. ಆ ಭಾಷೆಯನ್ನು ಓದಬಲ್ಲ ಮಕ್ಕಳು ಎಣ್ಮಕಜೆಯಲ್ಲಿಯೂ ಬೆಳ್ಮಣ್ಣಿನಲ್ಲಿಯೂ ಇರಬೇಕೆಂದು ನಾವು ಹೇಳುವುದು ಇದಕ್ಕಾಗಿ. ಅವರು ಮುಂದೆ ಕೈಗಾರಿಕೆಗೆ ಸೇರಲಿ, ಸೇರದಿರಲಿ.

ಈ ದೃಷ್ಟಿಯಿಂದ ನೋಡಿದಾಗ ವಿಜ್ಞಾನ ಪ್ರಚಾರದ ಕೆಲವು ರೂಢಿಗಳ ಬಗ್ಗೆ ನಮಗೆ ತಕರಾರಿದೆ. ವ್ಯಾನು ಬಂದ ದಿನ ಹೊಗೆಯೆಬ್ಬಿಸಿ, ಬಣ್ಣ ಬದಲಾಯಿಸಿ, ಚಪ್ಪಾಳೆ ಗಿಟ್ಟಿಸಿ ಹೊರಟುಹೋದರೆ ಮಕ್ಕಳಿಗೆ ಉಳಿಯುವುದು ಜಾದೂಗಾರನ ನೆನಪು. ಜಾದೂವಿನಲ್ಲಿ ಗುಟ್ಟನ್ನು ಹೇಳುವ ಹಾಗಿಲ್ಲ. ರಸಾಯನದಲ್ಲಿ ಗುಟ್ಟನ್ನು ಹೇಳದಿದ್ದರೆ ಪ್ರಯೋಗವನ್ನೇ ಮಾಡಿದಂತಾಗಲಿಲ್ಲ. ಇನ್ನೊಂದು ತೊಡಕು, ಒಂದೇ ಸಲದ ಭೇಟಿ. ವರ್ಷಕ್ಕೊಮ್ಮೆ ಸುಣ್ಣದ ನೀರಿಗೆ ಊದಿದ ಮಗುವು ಪರೀಕ್ಷೆಯ ಹೊತ್ತಿಗೆ ಮತ್ತೆ ಕಂಠಪಾಠಕ್ಕೇ ಮೊರೆಹೋಗುವುದು. ಆದುದರಿಂದ, ವ್ಯಾನಿನ ಹಿಂದೆಯೇ ಉಪಾಧ್ಯಾಯರ ಕೈಯಲ್ಲೊಂದು ಪೆಟ್ಟಿಗೆಯನ್ನು ಬಿಟ್ಟುಹೋಗುವ, ಒಡೆದ ಪ್ರನಾಳಕ್ಕೆ ಲೆಕ್ಕ ಕೇಳದ ದಾನಿಗಳು ನಮಗೆ ಬೇಕು. ಪ್ರನಾಳದ ಬೆಲೆ ಎಷ್ಟೆಂಬುದನ್ನು ಅಂಗಡಿಯಲ್ಲಿ ವಿಚಾರಿಸಿದವರಿಗೆ ಈ ಮಾತು ದುಬಾರಿಯದೆಂದು ತೋರದು.

ವ್ಯಾನು ಬರುವ ತನಕ ಕಾಯಬೇಕಾಗಿಲ್ಲ. ಮುರಕಲ್ಲಿನ ನಾಡಿನ ವಾಚಕರು ಈ ಪ್ರಯೋಗವನ್ನು ಮಾಡಿ ನೋಡಬಹುದು. ಹಾಲು ಸಕ್ಕರೆ ಬೆರಸದ ಚಹದ ಕಷಾಯವನ್ನು ಸೋಸಿ, ತಿಳಿಯಾಗುವಂತೆ ಮಳೆಯ ನೀರನ್ನು ಬೆರಸಿಕೊಳ್ಳಿ. ಅದನ್ನು ಮೂರು ಗಾಜಿನ ಲೋಟಗಳಿಗೆ ಸಮವಾಗಿ ಹಂಚಿ, ಒಂದಕ್ಕೆ ತೆರೆದ ಬಾವಿಯ ನೀರನ್ನೂ ಒಂದಕ್ಕೆ ಕೊಳವೆ ಬಾವಿಯ ನೀರನ್ನೂ ಒಂದಕ್ಕೆ ಮಳೆಯ ನೀರನ್ನೂ ಅಷ್ಟಷ್ಟೇ ಸೇರಿಸಿ. ಚಹದಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪು ಬಣ್ಣದ ವಸ್ತುವಾಗುವುದು; ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಯಾವ ಲೋಟವು ಹೆಚ್ಚು ಕಪ್ಪಾಯಿತೆಂಬುದನ್ನು ಬಿಳಿಯ ಕಾಗದದ ಮೇಲಿಟ್ಟು ನೋಡಿ, ಒಂದು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಇದು ಕಬ್ಬಿಣವನ್ನು ಮಾತ್ರ ತೋರಿಸುವುದು, ಅದನ್ನೂ ಹೆಚ್ಚು ಕಡಮೆಯೆಂದಷ್ಟೇ. ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಇದರಿಂದ ತೀರ್ಮಾನಿಸಬಾರದು. ಲೋಟಗಳಿಗೆ ಚೀಟಿ ಅಂಟಿಸಿ, ಬಾವಿಯ ಸ್ಥಳವನ್ನೂ ತಾರೀಖನ್ನೂ ಬರೆದಿಡಿ. ಇದನ್ನೇ ಏಪ್ರಿಲಿನಲ್ಲಿ ಒಂದು ಸಲ, ಮಳೆ ಹಿಡಿದ ಮೇಲೆ ಜುಲೈಯಲ್ಲಿ ಒಂದು ಸಲ ಮಾಡಿ, ಎರಡು ಸಲವೂ ಕಂಡ ಬಣ್ಣಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ಗುರುತು ಮಾಡಿಕೊಳ್ಳಿ.